4095 ಆದ್ಮೇಲೆ ಸೊನ್ನೆ: 2901 ಬಿಟ್-ಸ್ಲೈಸ್ ಬೋರ್ಡ್‌ನಲ್ಲಿ ತಪ್ಪು ಹುಡುಕೋದು

4095ಕ್ಕೆ 1 ಕೂಡಿಸಿದ್ರೆ 4096 ಬರಬೇಕು ಅಲ್ವಾ, ನನ್ನ ಬೋರ್ಡು 0 ಅಂತಿತ್ತು. ಅದೂ ಯಾವಾಗಲೂ ಅಲ್ಲ. ಬೆಳಿಗ್ಗೆ ಆನ್ ಮಾಡಿದ್ರೆ ಸರಿಯಾಗೇ ಲೆಕ್ಕ ಮಾಡ್ಕೊಂಡು ಹೋಗೋದು, ಇಪ್ಪತ್ತು ನಿಮಿಷ ಆಗಿ ಚಿಪ್‌ಗಳು ಬಿಸಿ ಆದ್ಮೇಲೆ ಈ ಆಟ ಶುರು. ಇದನ್ನ ಹಿಡಿಯೋಕೆ ನಂಗೆ ಮೂರು ವೀಕೆಂಡ್ ಹೋಯ್ತು, ಅದ್ರಲ್ಲಿ ಎರಡು ಪೂರ್ತಿ ದಂಡ, ಯಾಕಂದ್ರೆ ಹುಡುಕಬೇಕಾದ ಜಾಗ ಬಿಟ್ಟು ಬೇರೆ ಕಡೆ ಕೆದಕ್ತಾ ಕೂತಿದ್ದೆ. 2901 ಇರೋ ಯಾವ್ದಾದ್ರೂ ಹಳೇ ಬೋರ್ಡ್ ರಿಪೇರಿ ಮಾಡ್ತಿದ್ರೆ, ಇಲ್ಲಾ ನನ್ ತರ ಹುಚ್ಚು ಹಿಡಿದು ಮನೇಲೇ ವೈರ್-ರ‍್ಯಾಪ್ ಮಾಡಿ (ಬೆಸುಗೆ ಹಾಕ್ದೆ ಪಿನ್‌ಗೆ ವೈರ್ ಸುತ್ತಿ) 16 ಬಿಟ್ ಯಂತ್ರ ಒಂದನ್ನ ಕಟ್ಟಿದ್ರೆ, ಓದಿ.

ಈ ಚಿಪ್ ಗೊತ್ತಿಲ್ದೇ ಇರೋರಿಗೆ ಎರಡು ಮಾತು. ಎಎಂಡಿ ಕಂಪನಿ 1975ರಲ್ಲಿ ತಂದ ಎಎಂ2900 ಸರಣಿಯಲ್ಲಿ ಎಲ್ಲಕ್ಕಿಂತ ಹೆಸರು ಮಾಡಿದ್ದು 2901. ಇದು ಪೂರ್ತಿ ಪ್ರೊಸೆಸರ್ ಅಲ್ಲ, ಪ್ರೊಸೆಸರ್‌ನ 4 ಬಿಟ್ ಅಗಲದ ಒಂದು ಹೋಳು, ಅಂದ್ರೆ ಸ್ಲೈಸ್. ಒಳಗೆ 16 ರಿಜಿಸ್ಟರ್ (ಸಂಖ್ಯೆ ಇಟ್ಕೊಳ್ಳೋ ಜಾಗ), ಒಂದು ಎಎಲ್‌ಯು (ಕೂಡೋ ಕಳೆಯೋ ಭಾಗ), ಕ್ಯೂ ಅಂತ ಇನ್ನೊಂದು ರಿಜಿಸ್ಟರ್, ಶಿಫ್ಟ್ ಮಾಡೋ ಏರ್ಪಾಡು, ಅಷ್ಟೇ. ನಾಲ್ಕು ಹೋಳು ಪಕ್ಕ ಪಕ್ಕ ಕೂರಿಸಿದ್ರೆ 16 ಬಿಟ್, ಎಂಟು ಕೂರಿಸಿದ್ರೆ 32. ಇಂಟೆಲ್‌ನ 3002 ಇದಕ್ಕಿಂತ ಒಂದು ವರ್ಷ ಮುಂಚೆ ಬಂದಿತ್ತು, ಆದ್ರೆ ಅದು ಬರೀ 2 ಬಿಟ್ ಹೋಳು, 16 ಬಿಟ್‌ಗೆ ಎಂಟು ಚಿಪ್ ಬೇಕು. ಗೆದ್ದಿದ್ದು 2901. ಡೇಟಾ ಜನರಲ್‌ನ ನೋವಾ 4, ವ್ಯಾಕ್ಸ್-11/730, ಝೆರಾಕ್ಸ್ ಸ್ಟಾರ್ ಎಲ್ಲದರ ಹೊಟ್ಟೇಲೂ ಇದೇ ಇತ್ತು, ಅಟಾರಿಯ ಬ್ಯಾಟಲ್‌ಝೋನ್, ಟೆಂಪೆಸ್ಟ್ ಆರ್ಕೇಡ್ ಗೇಮ್‌ಗಳಲ್ಲಿ ಮ್ಯಾಥ್ ಬಾಕ್ಸ್ ಅಂತಿದೆಯಲ್ಲ, ಅದೂ ನಾಲ್ಕು 2901ನೇ.

ನಮ್ಮ ಕೆಲಸಕ್ಕೆ ಮುಖ್ಯವಾದ ವಿಷ್ಯ ಏನಂದ್ರೆ, ಆ ನಾಲ್ಕೂ ಚಿಪ್ ಒಂದೇ ತರದ್ದು, ನಾಲ್ಕಕ್ಕೂ ಒಂದೇ ಆರ್ಡರ್ ಒಂದೇ ಸಲ ಹೋಗತ್ತೆ. ಮಾಮೂಲಿ ಮೈಕ್ರೋಪ್ರೊಸೆಸರ್ ಕೆಟ್ರೆ ಪಕ್ಕದಲ್ಲಿ ಹೋಲಿಸಿ ನೋಡೋಕೆ ಏನೂ ಇರಲ್ಲ. ಇಲ್ಲಿ ಒಂದು ಕೆಟ್ರೆ ಸರಿಯಾಗಿರೋ ಮೂರು ಪಕ್ಕದಲ್ಲೇ ಕೂತು ಸಾಕ್ಷಿ ಹೇಳ್ತವೆ. ಅದನ್ನ ಉಪಯೋಗಿಸ್ಕೊಳ್ದೆ ಸರ್ಕ್ಯೂಟ್ ಡಯಾಗ್ರಾಮ್ ಹಿಡ್ಕೊಂಡು ಮೊದಲ ಪೇಜಿಂದ ಶುರು ಮಾಡಿದ್ದೇ ನನ್ನ ತಪ್ಪು.

ಮೊದ್ಲು ಕರೆಂಟ್ ನೋಡಿ

ಬೇಜಾರಿನ ಕೆಲಸ, ಆದ್ರೂ ಮಾಡಿ. 14 ಪಿನ್, 16 ಪಿನ್ ಟಿಟಿಎಲ್ (5 ವೋಲ್ಟಲ್ಲಿ ಓಡೋ ಹಳೇ ಲಾಜಿಕ್ ಜಾತಿ) ಚಿಪ್ ನೋಡಿ ಅಭ್ಯಾಸ ಆಗಿರೋರು ಕೈ ಹೋದ ಹಾಗೆ ಮೂಲೆ ಪಿನ್‌ಗಳಿಗೆ ಮೀಟರ್ ಇಡ್ತಾರೆ. 2901ರಲ್ಲಿ 5 ವೋಲ್ಟ್ ಬರೋದು 10ನೇ ಪಿನ್‌ಗೆ, ಗ್ರೌಂಡ್ 30ನೇ ಪಿನ್, ಎರಡೂ ನಡುಮಧ್ಯ. ಮೀಟರ್ ಕಡ್ಡಿ ನೇರ ಚಿಪ್‌ನ ಆ ಎರಡು ಕಾಲಿನ ಮೇಲೇ ಇಟ್ಟು ಅಳೀರಿ, 4.75ಕ್ಕಿಂತ ಕಮ್ಮಿ ಇದ್ರೆ ಮುಂದಕ್ಕೆ ಹೋಗ್ಲೇಬೇಡಿ. ಇವು ಬೈಪೋಲಾರ್ ಚಿಪ್, ಒಂದೊಂದೂ ಕಾಲು ಆಂಪ್ ಹತ್ತತ್ರ ಎಳೆಯೋ ಜಾತಿ, ನಾಲ್ಕಕ್ಕೆ ಒಂದು ಆಂಪ್ ಇಲ್ಲೇ ಹೋಯ್ತು. ಮುಟ್ಟಿದ್ರೆ ಬಿಸಿ ಇರೋದು ಸಹಜ, ಗಾಬರಿ ಬೇಡ. ನಾಲ್ಕರಲ್ಲಿ ಒಂದು ಮಾತ್ರ ತಣ್ಣಗಿದ್ರೆ, ಇಲ್ಲ ಒಂದು ಮಾತ್ರ ಬೆರಳು ಇಡೋಕಾಗದಷ್ಟು ಸುಡ್ತಿದ್ರೆ, ಅಲ್ಲಿ ಏನೋ ಇದೆ.

ಕ್ಲಾಕ್ ನಿಲ್ಲಿಸಿ, ಕೈಯಲ್ಲಿ ಓಡಿಸಿ

8080 ತರದ ಮೈಕ್ರೋಪ್ರೊಸೆಸರ್‌ಗೆ ಕ್ಲಾಕ್ (ಹೆಜ್ಜೆ ಹೆಜ್ಜೆಗೂ ತಾಳ ಹಾಕೋ ಸಿಗ್ನಲ್) ನಿಲ್ಲಿಸಿದ್ರೆ ಒಳಗಿರೋದೆಲ್ಲ ಮರ್ತೇ ಹೋಗತ್ತೆ. 2901ಕ್ಕೆ ಆ ರೋಗ ಇಲ್ಲ. ಕ್ಲಾಕ್ ನಿಲ್ಲಿಸಿ, ಊಟ ಮಾಡ್ಕೊಂಡು ಬನ್ನಿ, ರಿಜಿಸ್ಟರ್‌ಗಳು ಹಾಗೇ ಇರ್ತವೆ. ತಪ್ಪು ಹುಡುಕೋರಿಗೆ ಇದಕ್ಕಿಂತ ಇನ್ನೇನು ಬೇಕು ಹೇಳಿ. ಒಂದೇ ಒಂದು ಎಚ್ಚರಿಕೆ, ಕ್ಲಾಕನ್ನ ಹೈನಲ್ಲಿ (1ರಲ್ಲಿ) ನಿಲ್ಲಿಸಬೇಕು, ಲೋನಲ್ಲಿ (0ಯಲ್ಲಿ) ಅಲ್ಲ. ರಿಜಿಸ್ಟರ್‌ಗೆ ಬರೆಯೋದು ಕ್ಲಾಕ್ ಲೋ ಇರೋವಾಗ, ಹಾಗಾಗಿ ಲೋನಲ್ಲಿ ನಿಲ್ಲಿಸಿ ಬಿ ಅಡ್ರೆಸ್ (ಯಾವ ರಿಜಿಸ್ಟರ್‌ಗೆ ಬರೀಬೇಕು ಅನ್ನೋ ನಂಬರ್) ಸ್ವಿಚ್ ತಿರುಗಿಸ್ತಾ ಹೋದ್ರೆ ದಾರೀಲಿ ಸಿಕ್ಕ ರಿಜಿಸ್ಟರ್‌ಗೆಲ್ಲ ಬರ್ಕೊಂಡು ಹೋಗ್ತಿರತ್ತೆ. ನಾನು ಇದನ್ನ ಮಾಡಿ, ರ‍್ಯಾಮ್ (ಚಿಪ್ ಒಳಗಿನ ಆ 16 ರಿಜಿಸ್ಟರ್) ಕೆಟ್ಟಿದೆ ಅಂತ ಅರ್ಧ ದಿನ ನಂಬಿದ್ದೆ.

ಐ0 ಇಂದ ಐ8 ಅಂತ ಒಂಬತ್ತು ಇನ್‌ಸ್ಟ್ರಕ್ಷನ್ ಲೈನ್ ಇವೆ. ಕೆಳಗಿನ ಮೂರು ಬಿಟ್ ಎಲ್ಲಿಂದ ತಗೋಬೇಕು ಅಂತ, ಮಧ್ಯದ ಮೂರು ಏನು ಮಾಡ್ಬೇಕು ಅಂತ, ಮೇಲಿನ ಮೂರು ಎಲ್ಲಿ ಇಡಬೇಕು ಅಂತ. ಮೂರು ಮೂರರ ಗುಂಪು ಇರೋದ್ರಿಂದ ಆಕ್ಟಲ್‌ನಲ್ಲಿ (ಮೂರು ಬಿಟ್‌ಗೆ 0 ಇಂದ 7ರ ಒಂದು ಅಂಕಿ) ಬರ್ಕೊಂಡ್ರೆ ನೆನಪಿರತ್ತೆ. ನನ್ನ ಬೋರ್ಡ್‌ನಲ್ಲಿ ಮೈಕ್ರೋಕೋಡ್ (2901ಗೆ ಹೋಗೋ ಆರ್ಡರ್‌ಗಳ ಪಟ್ಟಿ) ಇರೋ ಪ್ರಾಮ್ ಚಿಪ್ ಕಿತ್ತು ಆ ಜಾಗಕ್ಕೆ ಸ್ವಿಚ್ ಹಾಕೋ ಹಾಗೆ ಮಾಡ್ಕೊಂಡಿದೀನಿ, ನಾಲ್ಕು ಕೋಡ್ ಗೋಡೆಗೆ ಅಂಟಿಸಿದೀನಿ. 337 ಅಂದ್ರೆ ಡಿ (ಹೊರಗಿಂದ ಸಂಖ್ಯೆ ಒಳಗೆ ಬರೋ ಲೈನ್) ಸ್ವಿಚ್‌ನಲ್ಲಿ ಇರೋದನ್ನ ರಿಜಿಸ್ಟರ್‌ಗೆ ತುಂಬು. 134 ಅಂದ್ರೆ ಏ ಅಡ್ರೆಸ್‌ನ ರಿಜಿಸ್ಟರ್ ತೋರಿಸು, ಏನೂ ಬದಲಾಯಿಸ್ಬೇಡ. 105 ಅಂದ್ರೆ ಆ ರಿಜಿಸ್ಟರ್‌ಗೆ ಡಿ ಕೂಡಿಸಿ ಉತ್ತರ ತೋರಿಸು, ಎಲ್ಲೂ ಬರೀಬೇಡ. 303 ಹಾಕಿ ಕ್ಯಾರಿ-ಇನ್ (ಕೂಡೋವಾಗ ಹಿಂದಿನಿಂದ ಬರೋ ದಶಕ) 1 ಕೊಟ್ರೆ ರಿಜಿಸ್ಟರ್ ಒಂದೊಂದೇ ಏರತ್ತೆ. ಮುಕ್ಕಾಲು ತಪ್ಪು ಈ ನಾಲ್ಕರಲ್ಲೇ ಸಿಗತ್ತೆ.

ಕೂಡೋದಕ್ಕಿಂತ ಮುಂಚೆ ಬರೀ ತುಂಬಿ ನೋಡೋ ಟೆಸ್ಟ್ ಮಾಡಿ. ಎಲ್ಲಾ ಸೊನ್ನೆ, ಎಲ್ಲಾ ಒಂದು, ಒಂದು ಬಿಟ್ಟು ಒಂದು, ಅದರ ಉಲ್ಟಾ. ತಪ್ಪಿನ ಆಕಾರ ನೋಡಿ. ಒಂದೇ ಬಿಟ್ ಯಾವಾಗ್ಲೂ ತಪ್ಪಿದ್ರೆ ಆ ಬಿಟ್‌ನ ಡಿ ಅಥವಾ ವೈ (ಉತ್ತರ ಹೊರಗೆ ಬರೋ ಲೈನ್) ವೈರು. ಒಂದೇ ರಿಜಿಸ್ಟರ್‌ನಲ್ಲಿ ಮಾತ್ರ ತಪ್ಪಿದ್ರೆ ಚಿಪ್ಪೇ ಹೋಗಿರೋ ಸಾಧ್ಯತೆ ಜಾಸ್ತಿ. ಪಕ್ಕಪಕ್ಕದ ನಾಲ್ಕು ಬಿಟ್ ಗುಂಪಾಗಿ ಕೈಕೊಟ್ರೆ ಆ ಸ್ಲೈಸ್‌ಗೆ ಹೋಗೋ ಆರ್ಡರ್, ಅಡ್ರೆಸ್, ಕ್ಲಾಕ್, ಔಟ್‌ಪುಟ್ ಎನೇಬಲ್, ಇಷ್ಟರಲ್ಲಿ ಒಂದು.

ಇಲ್ಲಿ ಒಂದು ಮೋಸ ಇದೆ. ಟಿಟಿಎಲ್‌ನಲ್ಲಿ ವೈರ್ ಕಿತ್ತು ಹೋದ ಇನ್‌ಪುಟ್ ಹೈ ಅಂತಲೇ ಓದ್ಕೊಳತ್ತೆ. ಒಂದು ಸ್ಲೈಸ್‌ಗೆ ಹೋಗೋ ಐ3 (26ನೇ ಪಿನ್, ಮಧ್ಯದ ಮೂರರಲ್ಲಿ ಕೆಳಗಿನ ಬಿಟ್) ಕಿತ್ತಿದೆ ಅಂತಿಟ್ಕೊಳ್ಳಿ. ಮಧ್ಯದ ಅಂಕಿ 3, ಅಂದ್ರೆ ಆರ್ (OR) ಆಪರೇಷನ್, ಅದ್ರಲ್ಲಿ ಆ ಬಿಟ್ ಹೇಗೂ 1, ಹಾಗಾಗಿ 337, 134 ಎರಡೂ ಚೆನ್ನಾಗೇ ಪಾಸ್ ಆಗ್ತವೆ. ಕೂಡು ಅಂದಾಗ ಮಾತ್ರ 0 ಹೋಗಿ 1 ಆಗಿ, ಮೂರು ಸ್ಲೈಸ್ ಕೂಡ್ತಿರ್ತವೆ, ಒಂದು ಕಳೀತಿರತ್ತೆ. ಅದಕ್ಕೆ ಆರ್ ಪಾಸಾದ ತಕ್ಷಣ ಲೈನೆಲ್ಲ ಸರಿ ಇದೆ ಅಂತ ತೀರ್ಮಾನ ಮಾಡ್ಬೇಡಿ, ಆಂಡ್ (AND, ಮಧ್ಯದ ಅಂಕಿ 4) ಕೂಡ ಹಾಕಿ ನೋಡಿ.

ಅನುಮಾನ ಇರೋ ಚಿಪ್ ಜಾಗ ಬದಲಾಯಿಸೋದು ಎಲ್ಲರಿಗೂ ಗೊತ್ತಿರೋ ಉಪಾಯ. ಪವರ್ ಆಫ್ ಮಾಡಿ ಎರಡು ಸ್ಲೈಸ್ ಅದಲು ಬದಲು ಮಾಡಿ. ತಪ್ಪು ಚಿಪ್ ಹಿಂದೆ ಹೋದ್ರೆ ಚಿಪ್ಪಿಂದು, ಜಾಗದಲ್ಲೇ ಉಳಿದ್ರೆ ಬೋರ್ಡಿಂದು. ಚಿಪ್ ಮೇಲೆ ಎ, ಬಿ, ಸಿ ಅಂತ ಏನಿದೆ ನೋಡಿ, ಅಕ್ಷರ ಮುಂದೆ ಹೋದಷ್ಟೂ ಸ್ಪೀಡ್ ಜಾಸ್ತಿ. ಮೂರು ಸಿ ಮಧ್ಯೆ ಒಂದು ಹಳೇ 2901 ಬಂದು ಕೂತಿದ್ರೆ ನಿಧಾನ ಕ್ಲಾಕ್‌ನಲ್ಲಿ ಎಲ್ಲಾ ಸರಿ, ಪೂರ್ತಿ ಸ್ಪೀಡಲ್ಲಿ ಕೈಕೊಡತ್ತೆ.

ಲಾಜಿಕ್ ಸರಿ, ಲೆಕ್ಕ ತಪ್ಪು

ನನ್ನ ಕೇಸ್ ಇದೇ. ತುಂಬೋದು ಸರಿ, ಆಂಡ್ ಸರಿ, ಎಕ್ಸ್‌ಆರ್ ಸರಿ, ಕೂಡಿದ್ರೆ ಮಾತ್ರ ಎಡವಟ್ಟು. ಹಾಗಿದ್ರೆ ಕ್ಯಾರಿ. ಸ್ಕೂಲಲ್ಲಿ ಕೂಡೋವಾಗ ದಶಕ ಒಂದು ಅಂತ ಪಕ್ಕದ ಮನೆಗೆ ಕಳಿಸ್ತಿದ್ವಲ್ಲ, ಅದೇ. ಸಣ್ಣ ಬೋರ್ಡ್‌ಗಳಲ್ಲಿ ಒಂದು ಸ್ಲೈಸ್‌ನ 33ನೇ ಪಿನ್ (ಕ್ಯಾರಿ-ಔಟ್) ನೇರ ಮುಂದಿನ ಸ್ಲೈಸ್‌ನ 29ನೇ ಪಿನ್‌ಗೆ (ಕ್ಯಾರಿ-ಇನ್) ಹೋಗತ್ತೆ, ಮುಗೀತು. ಸ್ಪೀಡ್ ಬೇಕು ಅಂದೋರು ಮಧ್ಯೆ 2902 ಹಾಕ್ತಾರೆ, ಅದು 74ಎಸ್182ನ ಇನ್ನೊಂದು ಹೆಸರು. ಪ್ರತಿ ಸ್ಲೈಸೂ ಅದಕ್ಕೆ ಎರಡು ಮಾತು ಹೇಳತ್ತೆ. ಜಿ ಪಿನ್ (32) ಲೋ ಆದ್ರೆ ‘ನಾನೇ ಕ್ಯಾರಿ ಹುಟ್ಟಿಸ್ತಿದೀನಿ’ ಅಂತ, ಪಿ ಪಿನ್ (35) ಲೋ ಆದ್ರೆ ‘ಹಿಂದಿನವನು ಕ್ಯಾರಿ ಕೊಟ್ರೆ ಮುಂದಕ್ಕೆ ದಾಟಿಸ್ತೀನಿ’ ಅಂತ. 2902 ಎಲ್ಲರ ಮಾತೂ ಒಟ್ಟಿಗೆ ಕೇಳಿ ಯಾರ್ಯಾರಿಗೆ ಕ್ಯಾರಿ ಹೋಗ್ಬೇಕೋ ಒಂದೇ ಏಟಿಗೆ ಕಳಿಸತ್ತೆ.

ಸೆಕೆಂಡಿಗೆ ಸಾವಿರ ಸಲ 303 ಓಡೋ ಹಾಗೆ ಬಿಟ್ಟಿದ್ದೆ, ಅಂದ್ರೆ 0 ಇಂದ 65535 ಮುಟ್ಟೋಕೆ ಒಂದು ನಿಮಿಷದ ಮೇಲೆ ಐದಾರು ಸೆಕೆಂಡು. ಬಿಸಿ ಆದ್ಮೇಲೆ ಮೇಲಿನ ನಾಲ್ಕು ಎಲ್‌ಇಡಿ ಇದ್ದಲ್ಲೇ ಕಲ್ಲಾಗಿಬಿಡೋವು, ಕೆಳಗಿನ ಹನ್ನೆರಡು ಮಾತ್ರ ಗಿರಗಿರ ಅಂತ ಓಡ್ತಾನೇ ಇರೋವು, ನಾಲ್ಕು ಸೆಕೆಂಡಿಗೊಂದು ಸುತ್ತು. ನನ್ ಫ್ರೆಂಡ್ ಒಬ್ಬ ಬಂದಿದ್ದ, ನೋಡಿದ ತಕ್ಷಣ ‘ಮಗಾ, 4096ಕ್ಕೆ ಸುತ್ತು ಹೊಡೀತಿದೆ ಅಂದ್ರೆ 2910 ಕಣೋ, ಅದು 12 ಬಿಟ್ ಅಲ್ವಾ’ ಅಂದ. ನಂಗೂ ಹೌದಲ್ವಾ ಅನ್ನಿಸ್ತು. 2910 ಮೈಕ್ರೋಕೋಡ್‌ನ ಮುಂದಿನ ಅಡ್ರೆಸ್ ಕೊಡೋ ಚಿಪ್ಪು, ಅದರ ಅಡ್ರೆಸ್ಸೂ 12 ಬಿಟ್, ಒಳಗಿನ ಲೂಪ್ ಕೌಂಟರೂ 12 ಬಿಟ್. ಅದರ ಹಿಂದೆ ಬಿದ್ದು ಒಂದು ವೀಕೆಂಡ್ ಹೋಯ್ತು. ಸ್ವಿಚ್‌ನಿಂದ ಕೈಯಲ್ಲೇ ಆರ್ಡರ್ ಕೊಡೋವಾಗ 2910ಗೆ ಅಲ್ಲಿ ಕೆಲಸನೇ ಇಲ್ಲ, ಆದ್ರೂ ಅದೇ ತಪ್ಪು ಬರ್ತಿದೆ ಅಂತ ಹೊಳೆಯೋ ಹೊತ್ತಿಗೆ ಭಾನುವಾರ ರಾತ್ರಿ. 12 ಬಿಟ್ ಅಂದ್ರೆ ಮೂರು ಸ್ಲೈಸ್ ಕೂಡ ಹೌದು, ಆ ಲೆಕ್ಕ ಇಬ್ಬರ ತಲೆಗೂ ಬರ್ಲಿಲ್ಲ.

ಆಮೇಲೆ 105 ಹಾಕ್ಕೊಂಡು ಬೇರೆ ಬೇರೆ ಸಂಖ್ಯೆ ಕೂಡ್ತಾ ಕೂತೆ. ಹೀಗೆ ಬಂತು, ಎಲ್ಲಾ ಬಿಸಿ ಇರೋವಾಗ:

15 + 1 = 16, ಸರಿ
255 + 1 = 256, ಸರಿ
2048 + 2048 = 4096, ಸರಿ
3840 + 256 = 4096, ಇದೂ ಸರಿ!
4080 + 16 = 0
4095 + 1 = 0
8191 + 1 = 4096

ತಪ್ಪು ಬಂದ ಕಡೆಯೆಲ್ಲ ಸರಿಯಾಗಿ 4096 ಕಮ್ಮಿ. ಹಾಗಾಗಿ ಕಳೆದು ಹೋಗ್ತಿರೋದು ಸ್ಲೈಸ್ 2 ಇಂದ ಸ್ಲೈಸ್ 3ಕ್ಕೆ ಹೋಗೋ ಕ್ಯಾರಿ (0 ಇಂದ ಎಣಿಸ್ತಿದೀನಿ). ಆದ್ರೆ ಪೂರ್ತಿ ಕಳೀತಿಲ್ಲ. 2048 + 2048, 3840 + 256 ಇವೆರಡರಲ್ಲಿ ಕ್ಯಾರಿ ಸ್ಲೈಸ್ 2ರ ಒಳಗೇ ಹುಟ್ಟತ್ತೆ, ಅದು ಮೇಲಕ್ಕೆ ತಲುಪ್ತಿದೆ, ಅಂದ್ರೆ ಸ್ಲೈಸ್ 2ರ ಜಿ ಲೈನ್ ಸರಿ, 2902 ಇಂದ ಸ್ಲೈಸ್ 3ಕ್ಕೆ ಹೋಗೋ ವೈರೂ ಸರಿ. 4080 + 16ರಲ್ಲಿ ಕ್ಯಾರಿ ಹುಟ್ಟೋದು ಸ್ಲೈಸ್ 1ರಲ್ಲಿ, ಸ್ಲೈಸ್ 2 ಅದನ್ನ ಬರೀ ದಾಟಿಸ್ಬೇಕು. ಅಲ್ಲಿ ಮುಗ್ಗರಿಸ್ತಿದೆ. 255 + 1 ಸರಿ ಬರೋದ್ರಿಂದ ಸ್ಲೈಸ್ 1 ದಾಟಿಸೋದು ಸರಿ ಇದೆ. ಉಳಿದಿದ್ದು ಒಂದೇ ಒಂದು ವೈರು, ಸ್ಲೈಸ್ 2ರ ಪಿ. ಸ್ಕೋಪ್ (ಆಸಿಲೋಸ್ಕೋಪ್, ವೋಲ್ಟೇಜ್ ತೋರಿಸೋ ಯಂತ್ರ) ಮುಟ್ಟದೆ, ಏಳು ಕೂಡೋ ಲೆಕ್ಕದಲ್ಲಿ ನೂರಾರು ವೈರಿಂದ ಒಂದು ವೈರಿಗೆ ಬಂದ್ವಿ. ಮೊದಲನೇ ದಿನ ಮಾಡ್ಬೇಕಿತ್ತು ಇದನ್ನ.

ಆ ವೈರಿನ ಎರಡು ತುದಿ ಅಂದ್ರೆ ಸ್ಲೈಸ್ 2ರ 35ನೇ ಪಿನ್, 2902ರ 15ನೇ ಪಿನ್. ಸ್ಲೈಸ್ 2, 3 ಅದಲು ಬದಲು ಮಾಡಿದೆ, ತಪ್ಪು ಅಲ್ಲೇ ಇತ್ತು, ಸೋ 2901 ನಿರಪರಾಧಿ. ಇನ್ನೊಂದು ಸಾಕ್ಷಿನೂ ಸಿಕ್ತು. 2902 ಇದ್ದಾಗ ಕೆಳಗಿನ ಮೂರು ಸ್ಲೈಸ್‌ಗಳ ಸ್ವಂತ ಕ್ಯಾರಿ-ಔಟ್, ಆ 33ನೇ ಪಿನ್, ಎಲ್ಲಿಗೂ ಕನೆಕ್ಟ್ ಆಗಿರಲ್ಲ, ಸುಮ್ನೆ ಖಾಲಿ ಇರತ್ತೆ, ಆದ್ರೆ ಚಿಪ್ ಅದರ ಮೇಲೆ ಉತ್ತರ ಕೊಡ್ತಾನೇ ಇರತ್ತೆ. 4080 + 16 ಹಾಕಿ ಅಲ್ಲಿ ಪ್ರೋಬ್ ಇಟ್ರೆ ಹೈ. ಸ್ಲೈಸ್ 3ರ 29ನೇ ಪಿನ್ ನೋಡಿದ್ರೆ ಲೋ. ಸ್ಲೈಸ್ 2 ‘ಕ್ಯಾರಿ ಇದೆ’ ಅಂತಿದೆ, ಮುಂದಿನವನಿಗೆ ಅದು ಮುಟ್ಟಿಲ್ಲ. 2902 ಇರೋ ಬೋರ್ಡ್‌ನಲ್ಲಿ ಈ ಖಾಲಿ ಪಿನ್ ಬಿಟ್ಟಿ ಸಿಗೋ ಟೆಸ್ಟ್ ಪಾಯಿಂಟ್, ಮರೀಬೇಡಿ.

ಹಾಗಾದ್ರೆ 2902 ಹೋಗಿದೆ ಅಂತ ಅದನ್ನ ಬದಲಾಯಿಸಿದೆ. ಸರಿ ಹೋಯ್ತು! ರಾತ್ರಿ ಎರಡು ಗಂಟೆವರೆಗೂ ಕೂತು ನೋಡಿದೆ, ಒಂದು ತಪ್ಪಿಲ್ಲ. ಮಾರನೇ ದಿನ ಮಧ್ಯಾಹ್ನ ಮತ್ತೆ ಅದೇ ರಾಮಾಯಣ. ಎರಡನೇ ವೀಕೆಂಡ್ ಹೋಗಿದ್ದು ಹೀಗೆ, ಇನ್ನೊಂದು 2902 ತರಿಸಿ, ಅದನ್ನೂ ಹಾಕಿ, ಅದೂ ಒಂದು ಹೊತ್ತು ಓಡಿ ನಿಂತು. ಚಿಪ್ ಬದಲಾಯಿಸಿದ ತಕ್ಷಣ ಸರಿ ಹೋಗಿ ಆಮೇಲೆ ಕೆಟ್ರೆ ಹೊಸ ಚಿಪ್ಪೂ ಕೆಟ್ಟೋಯ್ತು ಅಂತ ಅಂದ್ಕೋಬೇಡಿ, ಕಿತ್ತು ಹಾಕೋವಾಗ ಕಾಲು ಸಾಕೆಟ್‌ಗೆ ಉಜ್ಜಿ ತುಕ್ಕು ಕೆರೆದು ಹೋಗಿ ಸ್ವಲ್ಪ ಹೊತ್ತು ಕಾಂಟ್ಯಾಕ್ಟ್ ಸಿಕ್ಕಿರತ್ತೆ, ಅಷ್ಟೇ.

ಮೂರನೇ ಶನಿವಾರ ಸ್ಕೋಪ್ ತಗೊಂಡೆ. 4080 + 16 ಹಾಕಿ, ಕ್ಲಾಕ್ ನಿಲ್ಲಿಸಿ, ಬಿಸಿ ಆಗೋಕೆ ಬಿಟ್ಟೆ. ಸ್ಲೈಸ್ 2ರ 35ನೇ ಪಿನ್‌ನಲ್ಲಿ 0.25 ವೋಲ್ಟ್, ಚೆನ್ನಾದ ಲೋ. ಬೋರ್ಡ್ ತಿರುಗಿಸಿ 2902 ಸಾಕೆಟ್‌ನ 15ನೇ ಕಡ್ಡಿಗೆ, ವೈರ್ ಸುತ್ತಿರೋ ಜಾಗಕ್ಕೆ ಇಟ್ಟೆ, ಅಲ್ಲೂ 0.25. ವೈರ್ ಸರಿ ಇದೆ. ಆಮೇಲೆ ಮೇಲಿಂದ ಚಿಪ್‌ನ ಕಾಲಿನ ಭುಜದ ಮೇಲೆ, ಸಾಕೆಟ್ ಒಳಗೆ ಹೋಗೋ ಮುಂಚೆ ಕಾಲು ಬಗ್ಗಿರತ್ತಲ್ಲ ಅಲ್ಲಿಗೆ, ಪ್ರೋಬ್ ತುದಿ ಮೆತ್ತಗೆ ತಾಗಿಸಿದೆ. 1.5 ವೋಲ್ಟ್. ಲೋನೂ ಅಲ್ಲ ಹೈನೂ ಅಲ್ಲ, ತೂಗಾಡ್ತಿರೋ ಟಿಟಿಎಲ್ ಇನ್‌ಪುಟ್ ತೋರಿಸೋದು ಇದೇ ಸಂಖ್ಯೆ. ಪ್ರೋಬನ್ನ ಒಂಚೂರು ಒತ್ತಿದ್ರೆ ಸಟ್ ಅಂತ 0.25ಕ್ಕೆ ಇಳೀತು, ಎಲ್‌ಇಡಿ ಹತ್ತಿ 4096 ಬಂತು. ಬಿಟ್ರೆ ಮತ್ತೆ 0. ಒತ್ತು, ಬಿಡು, ಒತ್ತು, ಬಿಡು. ಚಿಕ್ಕ ಮಗು ತರ ಹತ್ತು ಸಲ ಮಾಡಿದೆ.

ಸಾಕೆಟ್ ಒಳಗಿನ ಎಲೆ ಅಗಲ ಆಗಿತ್ತು. ಬಿಸಿ ಆದಾಗ ಬಿಡ್ತಿತ್ತು. ಅಳೆಯೋವಾಗ ಯಾವಾಗ್ಲೂ ಚಿಪ್‌ನ ಕಾಲಿನ ಮೇಲೇ ಅಳೀರಿ, ಸಾಕೆಟ್ ಮೇಲೆ ಅಳೆದ್ರೆ ಸಾಕೆಟ್ಟಿಂದೇ ತಪ್ಪು ಅನ್ನೋದು ಕಾಣ್ಸೋದೇ ಇಲ್ಲ.

ಲೆಕ್ಕದ ವಿಷಯದಲ್ಲಿ ಇನ್ನೊಂದು. ಕಳೆಯೋ ಉತ್ತರ ಯಾವಾಗ್ಲೂ ಒಂದು ಕಮ್ಮಿ ಬಂದ್ರೆ ಹಾರ್ಡ್‌ವೇರ್ ಬಿಚ್ಚಬೇಡಿ. 2901ರಲ್ಲಿ ಕಳೆಯೋವಾಗ ಕೆಳಗಿನ ಸ್ಲೈಸ್‌ಗೆ ಕ್ಯಾರಿ-ಇನ್ 1 ಕೊಡ್ಬೇಕು, ಮೈಕ್ರೋಕೋಡ್ ಬರೆದೋರು ಮರ್ತಿರ್ತಾರೆ. ಬರೆದೋರು ಅಂದ್ರೆ ನಾನೇ.

ಬೇರೆ ತರದ ತೊಂದರೆ ಇದ್ರೆ

ಉತ್ತರ ಸೊನ್ನೆ ಬಂದ್ರೂ ಝೀರೋ ಫ್ಲ್ಯಾಗ್ ಏಳ್ತಿಲ್ವಾ? 11ನೇ ಪಿನ್ ಓಪನ್ ಕಲೆಕ್ಟರ್ (ತಾನು ಲೋಗೆ ಮಾತ್ರ ಎಳೆಯೋ ತರದ್ದು), ನಾಲ್ಕೂ ಸ್ಲೈಸಿಂದು ಒಂದೇ ವೈರಿಗೆ ಕಟ್ಟಿ 5 ವೋಲ್ಟ್‌ಗೆ ಒಂದು ರೆಸಿಸ್ಟರ್ ಹಾಕಿರ್ಬೇಕು. ಆ ರೆಸಿಸ್ಟರ್ ಇಲ್ದಿದ್ರೆ ಲೈನ್ ಮೇಲೇಳೋದೇ ಇಲ್ಲ, ಬೆಲೆ ಜಾಸ್ತಿ ಇದ್ರೆ ನಿಧಾನಕ್ಕೆ ಏಳತ್ತೆ, ಆಗ ನಿಧಾನ ಕ್ಲಾಕಲ್ಲಿ ಸರಿ, ಸ್ಪೀಡಲ್ಲಿ ತಪ್ಪು. ರೆಸಿಸ್ಟರ್ ಸರಿ ಇದ್ದೂ ಲೈನ್ ಲೋನಲ್ಲೇ ಬಿದ್ದಿದ್ರೆ ಯಾವ್ದೋ ಒಂದು ಸ್ಲೈಸ್ ಎಳೀತಿದೆ, ಒಂದೊಂದೇ 11ನೇ ಪಿನ್ ಬಿಡಿಸಿ ನೋಡಿ.

ಶಿಫ್ಟ್ ಲೈನ್‌ಗಳು (ರ‍್ಯಾಮ್0, ರ‍್ಯಾಮ್3, ಕ್ಯೂ0, ಕ್ಯೂ3) ಶಿಫ್ಟ್ ಮಾಡದೇ ಇರೋವಾಗ ತೂಗಾಡ್ತಿರ್ತವೆ, ಸ್ಕೋಪಲ್ಲಿ ಅರ್ಧಂಬರ್ಧ ವೋಲ್ಟ್ ಕಂಡ್ರೆ ಅದು ಸಹಜ. ಶಿಫ್ಟ್ ಮಾಡೋವಾಗಲೂ ಅರ್ಧಂಬರ್ಧ ಇದ್ರೆ ಎರಡು ಸ್ಲೈಸ್ ಒಂದೇ ವೈರಿಗೆ ಗುದ್ದಾಡ್ತಿವೆ. ಯಾವ ಕಡೆ ಜರುಗಬೇಕು ಅಂತ ಹೇಳೋದು ಐ7, 7ನೇ ಪಿನ್. ಅದು ಒಂದು ಸ್ಲೈಸ್‌ಗೆ ಕಿತ್ತಿದ್ರೆ ಅದೊಂದು ಮಾತ್ರ ಮೇಲಕ್ಕೆ ಜರುಗತ್ತೆ, ಉಳಿದವು ಕೆಳಕ್ಕೆ. ಆ ಚಿಪ್ ಹೆಚ್ಚು ಬಿಸಿನೂ ಆಗತ್ತೆ.

ಎಎಲ್‌ಯು ಏನು ಮಾಡಿದ್ರೂ ವೈನಲ್ಲಿ ಹಳೇ ರಿಜಿಸ್ಟರ್ ಬೆಲೆನೇ ಬರ್ತಿದ್ರೆ ಮೇಲಿನ ಮೂರು ಬಿಟ್ ನೋಡಿ, 2 ಇದ್ರೆ ಅದು ಹಾಗೇ ಮಾಡ್ಬೇಕು. ಆ ಕೋಡ್‌ನಲ್ಲಿ ಉತ್ತರ ರಿಜಿಸ್ಟರ್‌ಗೆ ಹೋಗತ್ತೆ, ಹೊರಗೆ ಕಾಣೋದು ಏ. ಆಂಡ್, ಆರ್ ಮಾಡೋವಾಗ ಕ್ಯಾರಿ, ಓವರ್‌ಫ್ಲೋ ಪಿನ್‌ಗಳು ಏನೇನೋ ತೋರಿಸ್ತವೆ, ಅದನ್ನ ನೋಡಿ ತಲೆ ಕೆಡಿಸ್ಕೋಬೇಡಿ.

ಆನ್ ಮಾಡಿದ್ರೆ ಮೈಕ್ರೋಕೋಡ್ ಎಲ್ಲಿಂದಲೋ ಓಡೋಕೆ ಶುರು ಮಾಡಿದ್ರೆ 2910ನ ನಾಲ್ಕು ಇನ್‌ಸ್ಟ್ರಕ್ಷನ್ ಪಿನ್‌ನೂ ಲೋಗೆ ಎಳೆದು ಒಂದು ಕ್ಲಾಕ್ ಕೊಡಿ, ಅಡ್ರೆಸ್ 0 ಬರ್ಲೇಬೇಕು, ಸ್ಟ್ಯಾಕೂ ಖಾಲಿ ಆಗತ್ತೆ. ಸಬ್‌ರೂಟೀನ್ ಒಳಗೆ ಸಬ್‌ರೂಟೀನ್ ಕರೆದು ವಾಪಸ್ ಬರೋ ದಾರಿ ತಪ್ತಿದ್ರೆ ಆಳ ಎಣಿಸಿ. ಹಳೇ 2910ನಲ್ಲಿ ಸ್ಟ್ಯಾಕ್ ಐದೇ ಮೆಟ್ಟಿಲು, 2910ಎನಲ್ಲಿ ಒಂಬತ್ತು.

ನನ್ನ ಬೋರ್ಡಿಗೆ ಎಸ್‌ಪಿ ರೋಡಿಂದ ದುಂಡು ತೂತಿನ ಮೆಷಿನ್ಡ್ ಸಾಕೆಟ್ ತಂದು, ಆ 16 ಪಿನ್‌ದು ಬಿಚ್ಚಿ ಹದಿನಾರೂ ವೈರ್ ಮತ್ತೆ ಸುತ್ತಿದೆ. ರಾತ್ರಿಯೆಲ್ಲ 303 ಓಡಿಸಿ ಬಿಟ್ಟೆ, ಬೆಳಿಗ್ಗೆ ನೋಡಿದಾಗ ಮೇಲಿನ ನಾಲ್ಕು ಎಲ್‌ಇಡಿ ತಮ್ಮ ಪಾಡಿಗೆ ಏರ್ತಿದ್ವು. ಕೆಟ್ಟಿದೆ ಅಂತ ಡಬ್ಬಿಗೆ ಎಸೆದಿದ್ದ ಮೊದಲನೇ 2902ನೇ ಹುಡುಕಿ ವಾಪಸ್ ಹಾಕಿದೀನಿ, ಈಗ ಅದರಲ್ಲೇ ಓಡ್ತಿದೆ.